ತಾಯಿನಾಯಿಯ ಪಾಲಿನ ಮುದ್ದೆ

ನನ್ನ ಜಾಗಕ್ಕೆ ಬರುತ್ತಿರುವ ಹುಡುಗ ಹೋದ ಭಾನುವಾರ ಮನೆಗೆ ಬಂದಿದ್ದ. ಕೆಲಸ ಹೇಗಿರುತ್ತದೆ ಎಂದು ಕೇಳಿದ. ಔಷಧಿ ಅರೆಯುವುದು, ಗಾಯ ಕಟ್ಟುವುದು, ಇನ್ಸ್‌ಪೆಕ್ಟರ ಹಿಂದೆ ಸರ್ಕೀಟು ಹೋಗುವುದು ಎಂದೆ. ಅವನು ಕಾಫಿ ಕುಡಿದು ಎದ್ದು ಹೋದ ಮೇಲೆ, ನಾನು ಅವನಿಗೆ ಏನೂ ಹೇಳಲಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ದನದ ಆಸ್ಪತ್ರೆಯ ಕಾಂಪೌಂಡರಾಗಿದ್ದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳಲ್ಲಿ ದುಡಿದಿದ್ದೇನೆ. ನಿವೃತ್ತಿಯ ವಯಸ್ಸೇನೂ ನನಗಾಗಿಲ್ಲ. ಗೊರಸಿನ ಹುಣ್ಣು ತೊಳೆಯುವಾಗ ಒಂದು ಹೋರಿ ಮೊಣಕಾಲಿಗೆ ಒದೆಯಿತು. ಆ ಕಾಲು ಮತ್ತೆ ಮಡಿಸಲು ಬರಲಿಲ್ಲ. ಮಡಿಸಲು ಬಾರದ ಕಾಲಿಟ್ಟುಕೊಂಡು ದನದ ಹೊಟ್ಟೆಯ ಕೆಳಗೆ ಕೂರಲಾಗುವುದಿಲ್ಲ ಎಂದು ದೊಡ್ಡ ಡಾಕ್ಟರು ಬರೆದುಕೊಟ್ಟರು. ಮೂವತ್ತೈದು ತುಂಬುವ ಮೊದಲೇ ಪಿಂಚಣಿದಾರನಾಗಿ ಜಗಲಿಯ ಮೇಲೆ ಕೂತೆ.

ನನಗೆ ದಿನಚರಿ ಬರೆಯುವ ಅಭ್ಯಾಸ ಮೊದಲಿನಿಂದಲೂ ಇತ್ತು. ವಾರ, ತಿಥಿ, ಹೋದ ಊರು, ಮದ್ದು ಚುಚ್ಚಿದ ದನ. ದನ ಒಂದಕ್ಕೆ ಒಂದು ಗೀಟು, ನಾಲ್ಕಾದ ಮೇಲೆ ಅಡ್ಡ ಎಳೆದು ಐದು. ಸಂಜೆ ದೀಪದ ಮುಂದೆ ಕೂತು ಗೀಟುಗಳನ್ನು ಕೂಡಿಸಿದರೆ ಆ ದಿನ ಏನೋ ಮಾಡಿದ್ದೇನೆ ಎಂಬ ಸಮಾಧಾನ ಸಿಗುತ್ತಿತ್ತು. ಈ ಸಮಾಧಾನದ ಬಗ್ಗೆ ಹುಡುಗನಿಗೆ ಎಚ್ಚರಿಕೆ ಹೇಳಬೇಕೆಂದಿದ್ದೆ, ಮರೆತೆ.

ಮೊದಲ ಪಾಠ ಕಲಿಸಿದವರು ನಮ್ಮ ಆಸ್ಪತ್ರೆಯ ವೆಟರ್ನರಿ ಇನ್ಸ್‌ಪೆಕ್ಟರು. ಎತ್ತರದ ಆಳು, ಖಾಕಿ ಕೋಟು, ಬಾಯಲ್ಲಿ ಸದಾ ಲವಂಗ. ಕೆಲಸ ಬಲ್ಲವರು. ಸೇರಿದ ವಾರದಲ್ಲೇ ನನ್ನನ್ನು ಒಂದು ಹಸುವಿನ ಮುಂದೆ ನಿಲ್ಲಿಸಿ, "ಏನ್ ಕಾಣ್ತಿದೆಯಯ್ಯಾ?" ಎಂದರು.

"ಕಣ್ಣಲ್ಲಿ ಪಿಸುರಿದೆ, ಸ್ವಾಮಿ."

"ಮೊದ್ಲು ಕೆಚ್ಚಲು ನೋಡು. ಆಮೇಲೆ ಕಣ್ಣು. ಹೆಣ್ಣು ಪ್ರಾಣಿ ಹತ್ರ ಹೋದಾಗ ಕೆಚ್ಚಲು ನೋಡದೆ ಕೈ ಹಾಕಬೇಡ. ಅದರ ಹಿಂದೆ ಇನ್ನೊಂದು ಜೀವ ಇರತ್ತೆ."

ಅಂದಿನಿಂದ ನನ್ನ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಬೀದಿಯಲ್ಲಿ ಹೋಗುವ ಮೇಕೆಯನ್ನು ಕಂಡರೂ ಹಾಲುಣಿಸುತ್ತಿದೆಯೇ ಎಂದು ನೋಡುತ್ತಿದ್ದೆ. ಇದನ್ನು ನೆನಪಿಡಿ.

ದನಗಳನ್ನು ಸಾಲುಸಾಲಾಗಿ ಕೊಲ್ಲುವ ದೊಡ್ಡರೋಗದ ಮದ್ದು ಚುಚ್ಚಲು ಊರೂರು ಸುತ್ತುತ್ತಿದ್ದ ಕಾಲ ಅದು. ಮದ್ದಿನ ಪೆಟ್ಟಿಗೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗಾಡಿಯಲ್ಲಿಟ್ಟುಕೊಂಡು, ಬಿಸಿಲೇರುವ ಮೊದಲು ಊರು ಸೇರಬೇಕು. ಚುಚ್ಚಿದ ದನ ಗುರುತು ಸಿಗಲೆಂದು ಬಾಲದ ತುದಿಯ ಕೂದಲನ್ನು ಕತ್ತರಿಯಿಂದ ನೇರಕ್ಕೆ ಕತ್ತರಿಸುತ್ತಿದ್ದೆವು. ಮದ್ದು ಚುಚ್ಚಿದರೆ ಹಾಲು ಬತ್ತುತ್ತದೆ ಎಂಬ ಭಯ ಜನಕ್ಕೆ. ಒಮ್ಮೆ ಕೊಡಿಗೇನಹಳ್ಳಿಗೆ ಹೋದರೆ, ಅಲ್ಲಿನ ದನಗಳ ಬಾಲವೆಲ್ಲ ಆಗಲೇ ನೇರಕ್ಕೆ ಕತ್ತರಿಸಿವೆ. ನಮಗಿಂತ ಮೊದಲೇ ಅಲ್ಲಿನ ಕ್ಷೌರಿಕ ಕೇರಿ ಕೇರಿ ಸುತ್ತಿದ್ದ, ಅದು ನಮಗೆ ತಿಳಿದದ್ದು ಆಮೇಲೆ. "ಹೋದ ವಾರಾನೇ ಯಾರೋ ಬಂದು ಚುಚ್ಚೋದ್ರು ಸ್ವಾಮಿ" ಎಂದು ಪಟೇಲರು ನಗದೆ ಹೇಳಿದರು. ನಾವು ಬಾಲ ನೋಡಿದೆವು, ನಂಬಿದೆವು, ಗಾಡಿ ತಿರುಗಿಸಿದೆವು. ತಿಂಗಳೊಳಗೆ ಆ ಊರಿಗೆ ರೋಗ ಬಂತು. ಪ್ರಾಣಿಯನ್ನು ಬಿಟ್ಟು ಗುರುತನ್ನು ನೋಡುವ ತಪ್ಪನ್ನು ನಾನು ಅಲ್ಲೇ ಅರಿತು ಬಿಟ್ಟುಬಿಡಬೇಕಿತ್ತು.

ಈಗ ಒಂದು ನಾಯಿಮರಿಯ ವಿಷಯ. ನಡೆದ ಊರಿನ ಹೆಸರು ಬೇಡ. ಈ ನಾಲ್ಕು ತಾಲ್ಲೂಕಿನೊಳಗಿನದೇ ಒಂದು ಊರು, ಯುದ್ಧದ ವರ್ಷಗಳಲ್ಲಿ ಒಂದು, ಕಾರ್ತಿಕ ಮಾಸ.

ಊರಲ್ಲಿ ಹುಚ್ಚುನಾಯಿ ಕಚ್ಚಿ ಒಬ್ಬ ಹೆಂಗಸು ಸತ್ತಳು. ಬೀದಿನಾಯಿಗಳನ್ನು ತೆಗೆಯಬೇಕೆಂದು ಪುರಸಭೆ ತೀರ್ಮಾನಿಸಿತು. ಡಂಗುರ ಹೊಡೆಸಿದರು: ಸಾಕಿದ ನಾಯಿಯ ಕೊರಳಿಗೆ ಹಗ್ಗ ಕಟ್ಟಿಕೊಳ್ಳಿ, ಹಗ್ಗವಿಲ್ಲದ್ದು ಉಳಿಯುವುದಿಲ್ಲ. ವಿಷ ಇರುವುದು ನಮ್ಮ ಬೀರುವಿನಲ್ಲಿ, ಆದ್ದರಿಂದ ಕೆಲಸ ನಮಗೆ ಬಂತು. ರಾಗಿಮುದ್ದೆಯ ಉಂಡೆಯೊಳಗೆ ಪುಡಿಯಿಟ್ಟು ಹಾಕುವುದು. ಉಂಡೆ ಕಟ್ಟುವವನು ನಾನು.

ನಮ್ಮದು ಲಿಂಗ ಕಟ್ಟಿದ ಮನೆತನ. ಜೀವ ಕೊಲ್ಲುವುದು ನಮ್ಮಲ್ಲಿ ಪಾಪ. ಸಂಜೆ ನಾನು ಬಂದರೆ ಹೆಂಡತಿ ಗೌರಮ್ಮ ಹಿತ್ತಲಿನ ಬಾವಿಯ ಹತ್ತಿರವೇ ಬಿಂದಿಗೆ ಇಟ್ಟಿರುತ್ತಿದ್ದಳು. ಸ್ನಾನ ಮಾಡಿ ಒಳಗೆ ಹೋದರೆ ತಟ್ಟೆಯಲ್ಲಿ ಅನ್ನ. ಅಕ್ಕಿ ಸಿಗದ ದಿನಗಳು ಅವು. "ಮುದ್ದೆ ಮಾಡ್ಲಿಲ್ವಾ?" ಎಂದೆ.

"ತೊಳಸೋಕೆ ಕೈ ಬರ್ಲಿಲ್ಲ" ಎಂದಳು.

ಆಮೇಲೆಯೂ ನಮ್ಮ ಮನೆಯಲ್ಲಿ ಮುದ್ದೆ ಮಾಡಲಿಲ್ಲ. ಅಕ್ಕಿ ಮುಗಿದಾಗ ರಾಗಿರೊಟ್ಟಿ ತಟ್ಟಿದಳು.

ಕೊನೆಯ ದಿನ ಊರೊಳಗೆ ನಾಯಿ ಸಿಗದೆ, ಇನ್ಸ್‌ಪೆಕ್ಟರು ನನ್ನನ್ನು ಊರಾಚೆಯ ಹೊಲಗಳ ಕಡೆ ಕರೆದುಕೊಂಡು ಹೋದರು. ಅಲ್ಲಿ ಹಿಂದಿನ ರಾತ್ರಿ ಕುರಿಮಂದೆ ನಿಂತಿತ್ತು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಬೆಳಗ್ಗೆ ಮಂದೆಯವರು ಮೇಯಿಸಲು ಹೊರಟುಹೋಗಿದ್ದರು. ಕಲ್ಲುಗುಡ್ಡೆಯ ಹತ್ತಿರ ಒಂದು ಕಂದು ನಾಯಿ ನಿಂತಿತ್ತು. ಬಾಲವಾಡಿಸುತ್ತ ನಮ್ಮತ್ತ ಬಂತು. ಕೊರಳಲ್ಲಿ ಹಗ್ಗವಿರಲಿಲ್ಲ.

ನನ್ನ ಕಣ್ಣು ಎಲ್ಲಿಗೆ ಹೋಗುವ ಅಭ್ಯಾಸವಿತ್ತೋ ಅಲ್ಲಿಗೇ ಹೋಯಿತು. ಮೊಲೆಗಳು ತುಂಬಿ ಜೋಲುತ್ತಿದ್ದವು.

ಕೈಯಲ್ಲಿ ಉಂಡೆ ಹಿಡಿದು ನಿಂತೆ. ಹಿಂದಿನಿಂದ ಇನ್ಸ್‌ಪೆಕ್ಟರು, "ಏನಯ್ಯಾ, ಹಗ್ಗ ಇದೆಯಾ ಅದಕ್ಕೆ?" ಎಂದರು.

"ಇಲ್ಲ ಸ್ವಾಮಿ."

"ಮತ್ತೇನು ನೋಡ್ತಿದ್ದೀಯ?"

ಹಾಕಿದೆ. ಹಾಲುಣಿಸುವ ನಾಯಿಗೆ ಹಸಿವು ಹೆಚ್ಚು. ಒಂದೇ ಬಾಯಿಗೆ ನುಂಗಿ, ಇನ್ನೊಂದು ಸಿಕ್ಕೀತೆಂದು ನನ್ನ ಕೈ ನೋಡಿತು. ಸಂಜೆ ದಿನಚರಿಯಲ್ಲಿ ಅದಕ್ಕೂ ಒಂದು ಗೀಟು ಎಳೆದೆ. ಆ ಪುಟದ ಗೀಟುಗಳನ್ನು ಮಾತ್ರ ನಾನು ಈವರೆಗೂ ಕೂಡಿಸಿಲ್ಲ.

ಮಾರನೆಯ ದಿನ ಕಲ್ಲುಗುಡ್ಡೆಗೆ ಒಬ್ಬನೇ ಹೋದೆ. ಸಂದಿಯಲ್ಲಿ ಮರಿಗಳಿದ್ದವು. ಸತ್ತವಕ್ಕೆ ಆಗಲೇ ಇರುವೆ ಹತ್ತಿತ್ತು. ಒಂದು ಮಾತ್ರ ಉಸಿರಾಡುತ್ತಿತ್ತು. ಹೆಣ್ಣುಮರಿ, ತಾಯಿಯದೇ ಕಂದು ಬಣ್ಣ, ಎದೆಯ ಮೇಲೆ ಬಿಳಿ ಚುಕ್ಕೆ. ಕೋಟಿನೊಳಗೆ ಇಟ್ಟುಕೊಂಡು ಬಂದೆ. ಗೌರಮ್ಮ ನೋಡಿ, ಬಟ್ಟೆಯ ಬತ್ತಿ ಮಾಡಿ ಮೇಕೆಹಾಲಿನಲ್ಲಿ ಅದ್ದಿಕೊಟ್ಟಳು. "ನೀವೇ ಕುಡಿಸಿ" ಎಂದಳು. ಕುಡಿಸಿದೆ. ಹಗಲು ಆಸ್ಪತ್ರೆಯ ಹಿಂದಿನ ಹುಲ್ಲಿನ ಕೋಣೆಯಲ್ಲಿ, ಸಂಜೆ ಮನೆಯಲ್ಲಿ. ಅದು ಬದುಕಿತು.

ಈ ನಡುವೆ ಇನ್ಸ್‌ಪೆಕ್ಟರು ಮೇಲಕ್ಕೆ ವರದಿ ಕಳಿಸಿದರು. ಡಂಗುರದ ಅಪ್ಪಣೆ ಇದ್ದದ್ದು ಊರಿನ ಎಲ್ಲೆಯೊಳಗೆ ಮಾತ್ರ. ಹೊಲದಲ್ಲಿ ಕೊಂದದ್ದಕ್ಕೆ ಕಾರಣ ಬೇಕಲ್ಲ, ಅದಕ್ಕೆ ಕಂದು ನಾಯಿಯನ್ನು 'ಹುಚ್ಚು ಹಿಡಿದ ಶಂಕೆ' ಎಂದು ಬರೆದರು. ನಾನೇ ಅದರ ನಕಲು ಮಾಡಿದೆ. ಒಂದು ಮಾತು ತಾನೇ ಎನ್ನಿಸಿತು.

ಮರಿ ಓಡಾಡುವ ಹೊತ್ತಿಗೆ ಬಟ್ಟೆ ಅಂಗಡಿಯ ವೀರಭದ್ರಶೆಟ್ಟರು ಬಂದು ಕೇಳಿದರು. ಗೋದಾಮಿಗೆ ಕಾವಲು ಬೇಕಿತ್ತು. ಒಳ್ಳೆಯ ಮನೆ, ಹಾಲು ಮೊಸರಿಗೆ ಕೊರತೆಯಿಲ್ಲ. ಸಂತೋಷದಿಂದ ಕೊಟ್ಟೆ. ಆ ದಿನದ ದಿನಚರಿಯಲ್ಲಿ 'ಮರಿಗೆ ಮನೆಯಾಯಿತು' ಎಂದು ಬರೆದು, ಕೆಳಗೆ ಗೆರೆ ಎಳೆದಿದ್ದೇನೆ.

ಮುಂದಿನ ಸಂತೆಯ ದಿನವೇ ಶೆಟ್ಟರು ಮರಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ವಾಪಸು ತಂದರು. ಆಸ್ಪತ್ರೆಯ ಮುಂದೆ ದನ ಹಿಡಿದ ಜನ ತುಂಬಿದ್ದರು. ಶೆಟ್ಟರು ಸಂಕೋಚದ ಮನುಷ್ಯ, ತಗ್ಗಿದ ದನಿಯಲ್ಲೇ ಹೇಳಿದರು.

"ಕಾಂಪೌಂಡ್ರೇ, ಬೇಜಾರು ಮಾಡ್ಕೋಬೇಡಿ. ಇದರ ತಾಯಿಗೆ ಹುಚ್ಚು ಹಿಡಿದಿತ್ತಂತಲ್ಲ. ನಿಮ್ಮ ಆಫೀಸಿನ ಕಾಗದದಲ್ಲೇ ಹಂಗೆ ಬರ್ದಿದ್ದೀರಂತೆ. ಮನೇಲಿ ಮೊಮ್ಮಗು ಇದೆ."

"ಮರಿ ಚೆನ್ನಾಗಿದೆ ಶೆಟ್ಟರೇ."

"ತಾಯಿ?"

ಇನ್ಸ್‌ಪೆಕ್ಟರು ಒಳಗೆ ಮೇಜಿನ ಮುಂದೆ ಕೂತಿದ್ದರು. ಕಿಟಕಿ ತೆರೆದಿತ್ತು. ಮರಿಯನ್ನು ಉಳಿಸುವ ಮಾತು ಒಂದೇ: ತಾಯಿಗೆ ಯಾವ ರೋಗವೂ ಇರಲಿಲ್ಲ. ಆ ಮಾತು ಹೇಳಿದರೆ, ರೋಗವಿಲ್ಲದ, ಹಾಲುಣಿಸುವ ನಾಯಿಯನ್ನು ನೋಡಿ ನೋಡಿಯೇ ಕೊಂದೆ ಎಂದೂ ಹೇಳಿದಂತೆ. ನಾನು ಬುಟ್ಟಿ ತೆಗೆದುಕೊಂಡೆ. ಜನದ ನಡುವಿನಿಂದ ಯಾರೋ, "ಸರ್ಕಾರದೋರು ಪುಕ್ಕಟೆ ಕೊಡ್ತಾರೆ ಅಂದ್ರೆ ಹುಷಾರಾಗಿರ್ಬೇಕು ಕಣ್ಲಾ" ಎಂದ. ಎಲ್ಲರೂ ನಕ್ಕರು. ಶೆಟ್ಟರು ನಗಲಿಲ್ಲ.

ಅಂದು ಸಂಜೆ ಇನ್ಸ್‌ಪೆಕ್ಟರು ಲವಂಗ ಅಗಿಯುತ್ತ, "ಅದನ್ನ ಊರಿಂದಾಚೆ ಎಲ್ಲಾದ್ರೂ ಸಾಗಿಸು. ಹುಚ್ಚುನಾಯಿ ಮರೀನ ಆಸ್ಪತ್ರೆಯೋರೇ ಸಾಕ್ತಾರೆ ಅಂತ ಜನ ಅರ್ಜಿ ಬರೀತಾರೆ. ಮುಂದಿನ ಸೋಮವಾರ ಬಂದಾಗ ನನ್ನ ಕಣ್ಣಿಗೆ ಬೀಳಬಾರದು. ಬಿದ್ರೆ, ಬೀರುವಿನಲ್ಲಿ ಪುಡಿ ಇನ್ನೂ ಇದೆ" ಎಂದರು. ಕೋಪದಿಂದ ಹೇಳಲಿಲ್ಲ. ಬಾಕಿಯಿದ್ದ ಒಂದು ಕೆಲಸವನ್ನು ನೆನಪಿಸಿದಂತೆ ಹೇಳಿದರು. ಉಂಡೆ ಯಾರು ಕಟ್ಟಬೇಕೆಂದು ಇಬ್ಬರಿಗೂ ಗೊತ್ತಿತ್ತು.

ಆ ವಾರ ನಾನೊಬ್ಬನೇ ಸರ್ಕೀಟಿಗೆ ಹೋದಲ್ಲೆಲ್ಲ ಮದ್ದಿನ ಪೆಟ್ಟಿಗೆಯ ಪಕ್ಕದಲ್ಲಿ ಮರಿಯ ಬುಟ್ಟಿಯೂ ಬಂತು. ಪುರವರದಲ್ಲಿ ಒಬ್ಬ ಗಾಣದವನು ಮರಿಯ ಬಾಯಿ ತೆರೆದು ನೋಡಿ, ಪಾದ ಒತ್ತಿ ನೋಡಿ, ಮೆಚ್ಚಿದ. ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದ. ನಮ್ಮ ಕಡೆ ಮರಿ ತೆಗೆದುಕೊಳ್ಳುವವರು ಮರಿಯನ್ನಲ್ಲ, ತಾಯಿಯನ್ನು ನೋಡುತ್ತಾರೆ.

"ತಾಯಿ ಹೆಂಗಿತ್ತು ಸ್ವಾಮಿ?"

"ಸತ್ತೋಯ್ತು."

"ಯಾವುದ್ರಲ್ಲಿ?"

ನಾನು ಪೆಟ್ಟಿಗೆಯ ಗೋಣಿಗೆ ನೀರು ಚಿಮುಕಿಸಿದೆ. ಗಾಣದವನು ಮರಿಯನ್ನು ಬುಟ್ಟಿಯಲ್ಲಿಟ್ಟು, ಕೈಯನ್ನು ಮಣ್ಣಿನಲ್ಲಿ ಉಜ್ಜಿಕೊಂಡ. "ನೀವೇ ಹೇಳಲ್ಲ ಅಂದ್ಮೇಲೆ ಬ್ಯಾಡ ಬುಡಿ" ಎಂದ.

ಇನ್ನೆರಡು ಊರುಗಳಲ್ಲೂ ಇದೇ ಪ್ರಶ್ನೆ, ಇದೇ ಗೋಣಿ. ಒಂದು ಕಡೆ ಬಾಯಿ ತಪ್ಪಿ "ಹಾವು ಕಚ್ಚಿ" ಎಂದೆ. ಆ ಮುದುಕ ಮರಿಯನ್ನು ಬಿಟ್ಟು ನನ್ನ ಮುಖ ನೋಡಿದ. ನನ್ನ ಮುಖ ನೋಡಿಯೇ ಬೇಡ ಎಂದ. ಆಮೇಲೆ ಸುಳ್ಳು ಹೇಳಲಿಲ್ಲ. ಅದೇನೂ ಒಳ್ಳೆಯತನದಿಂದಲ್ಲ, ನನಗೆ ಬರುವುದಿಲ್ಲ ಎಂದು ತಿಳಿದದ್ದರಿಂದ.

ಶನಿವಾರ ಪಾವಗಡದ ದಾರಿಯಲ್ಲಿ ಕುರಿಮಂದೆಯೊಂದು ಎದುರಾಯಿತು. ಮುಂದೆ ಕರಿ ಕಂಬಳಿ ಹೊದ್ದ ಹೆಂಗಸು, ಓಬಕ್ಕ. ಅವಳನ್ನು ನಾನು ಬಲ್ಲೆ. ಮಂದೆಯ ಕುರಿಗಳಿಗೆ ಜಂತುಹುಳದ ಔಷಧಿ ಒಯ್ಯಲು ಆಸ್ಪತ್ರೆಗೆ ಬರುತ್ತಿದ್ದಳು. ತೋಳ ಅವಳ ನಾಯಿಯನ್ನು ಕೆಡವಿತ್ತು.

ಬುಟ್ಟಿಯಲ್ಲಿ ಇಣುಕಿ, "ಏಮಪ್ಪ ಕಾಂಪೌಂಡ್ರಪ್ಪ, ಮಾರಕ್ಕಿಟ್ಟಿದೀಯಾ?" ಎಂದಳು.

"ಮಾರಕ್ಕಲ್ಲ. ಸಾಕೋರಿದ್ರೆ ಕೊಡ್ತೀನಿ."

"ನಾಯಿ ಮಾರಿದೋನು ಉದ್ಧಾರ ಆಗಲ್ಲ ಬುಡು. ಇವತ್ತು ಬ್ಯಾಡ. ಬರೀ ಕೈಯಲ್ಲಿ ಮರಿ ಎತ್ಕಂಡೋದ್ರೆ ನಿಲ್ಲಲ್ಲ. ಸೋಮವಾರ ಆಸ್ಪತ್ರೆ ತಾವ ಬತ್ತೀನಿ. ತಾಯಿಗೆ ಮುದ್ದೆ ತತ್ತೀನಿ."

ಇದು ಅವರ ಪದ್ಧತಿ. ಮರಿ ಒಯ್ಯುವವರು ತಾಯಿನಾಯಿಗೆ ಬಿಸಿ ಮುದ್ದೆ ಹಾಕಿ, ಅದು ತಿಂದು ಮುಗಿಸುವವರೆಗೂ ನಿಂತು ನೋಡಿ, ಆಮೇಲೆ ಮರಿ ಎತ್ತಿಕೊಳ್ಳುತ್ತಾರೆ. ತಾಯಿ ತಿಂದರೆ ಒಪ್ಪಿ ಕೊಟ್ಟಂತೆ. ತಾಯಿ ಇಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಬರಲಿ, ಅಷ್ಟರಲ್ಲಿ ಏನಾದರೂ ತೋಚೀತು ಎಂದುಕೊಂಡೆ.

ಏನೂ ತೋಚಲಿಲ್ಲ. ಸೋಮವಾರ ಬೆಳಗ್ಗೆ ನಾನು ಮರಿಯನ್ನು ಆಸ್ಪತ್ರೆಯ ಅಂಗಳದ ಹುಣಸೆಮರಕ್ಕೆ ಕಟ್ಟಿದೆ. ಅದರ ಕೊರಳಿಗೆ ಹೊಸ ಹಗ್ಗ ಹಾಕಿದ್ದೆ. ಇನ್ಸ್‌ಪೆಕ್ಟರು ಬಂದು ಜಗಲಿಯಲ್ಲಿ ಮುಖ ತೊಳೆಯುತ್ತ ಮರಿಯನ್ನು ನೋಡಿದರು, ನನ್ನನ್ನು ನೋಡಿದರು. "ಬರ್ತಾರೆ ಸ್ವಾಮಿ, ಒಯ್ಯೋಕೆ" ಎಂದೆ. ಅವರು ಟವೆಲು ತೆಗೆದುಕೊಂಡರು.

ಓಬಕ್ಕ ಬಂದಳು. ಮಡಿಲಲ್ಲಿ ಮುತ್ತುಗದೆಲೆಯಲ್ಲಿ ಸುತ್ತಿದ ಮುದ್ದೆ. ಮರಿಯ ಕೊರಳನ್ನು ಕಂಡವಳೇ ಕೂತು ಹಗ್ಗ ಬಿಚ್ಚಿದಳು.

"ಎಳೇ ಮರಿಗೆ ಯಾರಪ್ಪ ಹಗ್ಗ ಕಟ್ಟೋರು? ಹಾಲು ಕುಡಿಯೋದಕ್ಕೂ ಕಟ್ಟಲ್ಲ, ಹಾಲು ಕೊಡೋದಕ್ಕೂ ಕಟ್ಟಲ್ಲ ನಾವು. ಮರಿಗಳು ಸಿಕ್ಕಾಕ್ಕಂತವೆ, ಉಸುರು ಕಟ್ತದೆ."

ಕಂದು ನಾಯಿಯ ಕೊರಳು ಏಕೆ ಬರಿದಾಗಿತ್ತೆಂದು ಆಗ ತಿಳಿಯಿತು. ಅದು ಯಾರೂ ಇಲ್ಲದ ನಾಯಿಯ ಗುರುತಾಗಿರಲಿಲ್ಲ. ಮರಿಗಳಿದ್ದ ನಾಯಿಯ ಗುರುತು.

ಓಬಕ್ಕ ಎಲೆ ಬಿಚ್ಚಿದಳು. ಹಬೆ ಎದ್ದಿತು. ಸುತ್ತ ನೋಡಿ, "ತಲ್ಲಿ ಏದಪ್ಪ? ತಾಯಿ ಎಲ್ಲೈತೆ?" ಎಂದಳು.

"ಇಲ್ಲ ಓಬಕ್ಕ. ಸತ್ತೋಯ್ತು."

"ಅಯ್ಯೋ. ಏನಾಗಿತ್ತು?"

ಜಗಲಿಯ ಮೇಲೆ ಇನ್ಸ್‌ಪೆಕ್ಟರು ಮುಖ ಒರೆಸಿಕೊಳ್ಳುವುದನ್ನು ನಿಲ್ಲಿಸಿದ್ದರು. ದನ ಹಿಡಿದವರು ನಾಲ್ಕಾರು ಜನ ಮರದ ನೆರಳಿನಲ್ಲಿದ್ದರು. ಮರಿ ಮುದ್ದೆಯ ವಾಸನೆಗೆ ಕುಂಯ್‌ಗುಟ್ಟುತ್ತಿತ್ತು.

"ಏನೂ ಆಗಿರಲಿಲ್ಲ" ಎಂದೆ. "ಹುಚ್ಚು ಅಂತ ಬರೆದಿದ್ದೀವಿ, ಅದು ಸುಳ್ಳು. ನಿಮ್ಮಂಥ ಕುರಿಯೋರ ನಾಯಿ. ಹಾಲುಣಿಸ್ತಿತ್ತು. ಕೊರಳಿಗೆ ಹಗ್ಗ ಇರಲಿಲ್ಲ. ಮೊಲೆ ತುಂಬಿದ್ದನ್ನ ನೋಡಿದೆ. ನೋಡಿ ವಿಷ ಹಾಕಿದೆ."

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಇನ್ಸ್‌ಪೆಕ್ಟರು ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಆ ಬಗ್ಗೆ ಅವರು ನನ್ನನ್ನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಒಮ್ಮೆ ಬೈದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಓಬಕ್ಕ ಮರಿಯ ಬೆನ್ನ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು:

"ವಿಷ ಯಾತರಲ್ಲಿ ಆಕಿದೆ?"

"ಮುದ್ದೇಲಿ."

ಅವಳು ಮಡಿಲಿನಲ್ಲಿದ್ದ ಮುದ್ದೆ ನೋಡಿದಳು.

"ಇದಕ್ಕೆ ಹಾಲು ಕುಡಿಸಿ ಉಳಿಸಿದೋರು ಯಾರು?"

"ನಾನೇ."

"ತಾಯಿ ಸತ್ತೋಗಿದ್ರೆ ಹಾಲು ಕುಡಿಸಿದೋರಿಗೆ ಮುದ್ದೆ ಸೇರ್ಬೇಕು. ಅಂಗೇ ನಮ್ಮ ಕಡೆ." ಎಲೆಯ ಸಮೇತ ಮುದ್ದೆಯನ್ನು ನನ್ನ ಮುಂದೆ ನೆಲದ ಮೇಲಿಟ್ಟಳು. "ತಿನ್ನು."

ನಮ್ಮ ಮನೆಯವರು ಹೊರಗಿನವರ ಕೈಯ ಅಡುಗೆ ತಿನ್ನುವವರಲ್ಲ. ಅಂಗಿಯ ಕೊರಳಲ್ಲಿ ಕಾಣುತ್ತಿದ್ದ ಲಿಂಗದ ಶಿವದಾರವನ್ನು ಅವಳೂ ನೋಡಿದ್ದಳು, ನೋಡಿಯೇ ಇಟ್ಟಿದ್ದಳು. ಮರದ ನೆರಳಿನವರೂ ನೋಡುತ್ತಿದ್ದರು. ಅವಳ ಮುಖದಲ್ಲಿ ಸಿಟ್ಟಾಗಲಿ ಕನಿಕರವಾಗಲಿ ಕಾಣಲಿಲ್ಲ. ಆಗಬೇಕಾದ್ದು ಆಗದೆ ಮರಿ ಎತ್ತುವಂತಿಲ್ಲ, ಅಷ್ಟೇ.

ನೆಲದ ಮೇಲೆ ಕೂತೆ. ಆಗ ನನ್ನ ಕಾಲು ಮಡಿಸಲು ಬರುತ್ತಿತ್ತು. ಮುದ್ದೆ ಮುರಿದೆ. ಬಿಸಿ ಇನ್ನೂ ಆರಿರಲಿಲ್ಲ, ಸಾರಿಲ್ಲದ ಬರಿ ಮುದ್ದೆ. ನೀರು ಕೇಳಲಿಲ್ಲ. ಕಂದು ನಾಯಿ ಅಗಿಯದೆ ನುಂಗಿತ್ತು, ನಾನೂ ಹಾಗೇ ನುಂಗಿದೆ. ಓಬಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, ನಾಯಿ ತಿನ್ನುವುದನ್ನು ನೋಡುವಂತೆ, ಎಲೆ ಬರಿದಾಗುವವರೆಗೂ ನೋಡಿದಳು.

ಎಲೆ ಬರಿದಾಯಿತು. ಅವಳು ಮರಿಯನ್ನು ಎತ್ತಿ ಕಂಬಳಿಯೊಳಗೆ ಇಟ್ಟುಕೊಂಡು, ನಾನು ಕಟ್ಟಿದ್ದ ಹಗ್ಗವನ್ನು ಮರದ ಬುಡದಲ್ಲೇ ಬಿಟ್ಟು, ಪಾವಗಡದ ದಾರಿ ಹಿಡಿದಳು.